ಹರದನಹಳ್ಳಿಯ ಹಾದಿಯಲ್ಲೊಂದು ಸ್ವಾಗತ ಫಲಕ

ಊರಬಾಗಿಲಲ್ಲಿ ನಿಲ್ಲಿಸುವ ಫಲಕ ಊರಿನವರಿಗಾಗಿ ಅಲ್ಲ, ಬರುವವರಿಗಾಗಿ. ಈ ಸರಳ ಸಂಗತಿ ಮರೆತುಹೋದಾಗ ಸ್ವಾಗತ ಕಮಾನುಗಳು ದಾನಿಗಳ ಹೆಸರಿನ ಪಟ್ಟಿಗಳಾಗಿಬಿಡುತ್ತವೆ. ಚಾಮರಾಜನಗರದ ಸಮೀಪದ ಹರದನಹಳ್ಳಿಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಆಲೋಚಿಸುವುದು ಯುಕ್ತವೆನಿಸುತ್ತದೆ. ಈ ಊರು ಹೇಳಿಕೊಳ್ಳಬೇಕಾದುದು ಬಹಳವಿದೆ. ಹೇಳಲು ದೊರೆಯುವ ಜಾಗ ಮಾತ್ರ ಒಂದು ಹಲಗೆಯಷ್ಟು.

ಜಿಲ್ಲಾ ಕೇಂದ್ರದಿಂದ ಐದಾರು ಕಿಲೋಮೀಟರು ದೂರದ ಗ್ರಾಮವಿದು. ಹಳಗನ್ನಡದಲ್ಲಿ ಹರದನೆಂದರೆ ವ್ಯಾಪಾರಿ. ದಿವ್ಯಲಿಂಗೇಶ್ವರ ದೇವಾಲಯದ ಗೋಪುರ ಇಲ್ಲಿಯ ಹೆಗ್ಗುರುತು. ಎಲ್ಲಕ್ಕಿಂತ ಮಿಗಿಲಾಗಿ, ಇದು ತೋಂಟದ ಸಿದ್ಧಲಿಂಗ ಯತಿಗಳ ಜನ್ಮಭೂಮಿ. ಅವರ ಗುರು ಗೋಸಲ ಚೆನ್ನಬಸವೇಶ್ವರರು ನೆಲೆಸಿದ್ದ ಸ್ಥಳ. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ತೋಂಟದ ಸ್ವಾಮಿಗಳೆನಿಸಿದ ಆ ಮಹಾನುಭಾವರು ಷಟ್‌ಸ್ಥಲ ಜ್ಞಾನಸಾರಾಮೃತದ 701 ವಚನಗಳನ್ನು ನೀಡಿ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಲಿಂಗೈಕ್ಯರಾದರು. ಎಡೆಯೂರಿನ ಗದ್ದುಗೆಗೆ ನಡೆದುಕೊಳ್ಳುವ ಭಕ್ತರು ಅಸಂಖ್ಯರು. ಅವರು ಬಿಳಿಗಿರಿರಂಗನ ಬೆಟ್ಟಕ್ಕೋ ಬಂಡೀಪುರಕ್ಕೋ ಹೊರಟು ಚಾಮರಾಜನಗರವನ್ನು ದಾಟುವಾಗ, ತಮ್ಮ ಗುರುವಿನ ಹುಟ್ಟೂರು ಕೂಗಳತೆಯಲ್ಲೇ ಇದೆಯೆಂದು ಹೇಳುವವರು ಯಾರು? ಹಾದಿಬದಿಯ ಫಲಕವೇ ಹೇಳಬೇಕು.

ನಮ್ಮ ಹಿರಿಯರಿಗೂ ಇದರ ಅರಿವಿತ್ತು. ಊರ ಮುಂದೆ ಕರುಗಲ್ಲು, ಗಡಿಯಲ್ಲಿ ಲಿಂಗಮುದ್ರೆಯ ಕಲ್ಲು, ದೂರದ ದಾರಿಹೋಕನಿಗೆ ಕಾಣುವಂತೆ ಗೋಪುರ, ಇವು ಅಂದಿನ ಫಲಕಗಳು. ಫಲಕದ ಮೇಲಿನ ಹೆಸರು ಇತಿಹಾಸವನ್ನೂ ಉಳಿಸುತ್ತದೆ. ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. 1774ರಲ್ಲಿ ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈಗಿನ ಹೆಸರನ್ನಿಟ್ಟರು. ಜನ್ಮಸ್ಥಳವನ್ನು ಗೌರವಿಸುವ ಸಂಪ್ರದಾಯ ಈ ಸೀಮೆಗೆ ಹೊಸದೇನಲ್ಲ.

ಫಲಕ ನಿಲ್ಲಿಸಲು ಉತ್ಸಾಹವೊಂದೇ ಸಾಲದು. ರಸ್ತೆಯ ಅಂಚು ಸರ್ಕಾರದ ಸ್ವತ್ತು. ರಸ್ತೆ ಯಾವ ಇಲಾಖೆಗೆ ಸೇರಿದೆಯೆಂದು ತಿಳಿದು ಮೊದಲೇ ಅನುಮತಿ ಪಡೆಯಬೇಕು. ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆ, ಕಟ್ಟಡಗಳಿಗೆ ಅವಕಾಶ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2013ರ ಜನವರಿಯಲ್ಲಿ ಆದೇಶಿಸಿದೆ. ರಸ್ತೆಯ ಮೇಲೆ ಅಡ್ಡಲಾಗಿ ಬರುವ ಫಲಕದ ಕೆಳಗೆ ಕನಿಷ್ಠ 5.5 ಮೀಟರು ತೆರವಿರಬೇಕೆಂಬುದು ರಸ್ತೆ ನಿಯಮ. ಕಬ್ಬಿನ ಲಾರಿ, ಹುಲ್ಲಿನ ಗಾಡಿಗಳು ಓಡಾಡುವ ಹಾದಿಯಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ದೊಡ್ಡ ಕಮಾನಿಗಿಂತ ಬದಿಯ ಕಂಬದ ಫಲಕವೇ ಲೇಸು.

ಫಲಕ ತಿರುವಿನಲ್ಲಿ ಅಲ್ಲ, ತಿರುವಿಗಿಂತ ಸಾಕಷ್ಟು ಮೊದಲೇ ಇರಬೇಕು. ದಾಟಿದ ಮೇಲೆ ಓದಿದರೆ ಫಲವಿಲ್ಲ. ಮೈಸೂರು, ಕೊಳ್ಳೇಗಾಲ, ಗುಂಡ್ಲುಪೇಟೆ, ಸತ್ಯಮಂಗಲಗಳ ಕಡೆಯಿಂದ ನಗರ ಪ್ರವೇಶಿಸುವ ರಸ್ತೆಗಳಲ್ಲಿಯೂ ಸೂಚನೆ ಬೇಕು. ನೆರೆರಾಜ್ಯದವರೂ ಬರುವುದರಿಂದ ಕನ್ನಡದ ಕೆಳಗೆ ಇಂಗ್ಲಿಷಿರಲಿ. ಹಾಗೆಯೇ ನಮ್ಮ ಲಿಪಿಯ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಎರಡನೆಯ ಸಾಲನ್ನು ಒತ್ತಿ ಬರೆದರೆ ‘ಹಳ್ಳಿ’ಯ ಒತ್ತು ಅದರಲ್ಲಿ ಸಿಕ್ಕಿಕೊಂಡು ಓದು ಕೆಡುತ್ತದೆ. ವಾಹನದ ದೀಪಕ್ಕೆ ಹೊಳೆಯುವ ಹಾಳೆಯನ್ನು ಬಳಸಿದರೆ ಇರುಳಿನಲ್ಲಿಯೂ ಹೆಸರು ಕಾಣುತ್ತದೆ.

ಬರೆಯಬೇಕಾದುದು ಮೂರೇ ಮಾತು: ಊರಿನ ಹೆಸರು, ತೋಂಟದ ಸಿದ್ಧಲಿಂಗರ ಜನ್ಮಸ್ಥಳವೆಂಬ ಪರಿಚಯ, ದೂರ ತೋರುವ ಬಾಣದ ಗುರುತು. ದಾನಿಗಳ ಹೆಸರು ಹಿಂಬದಿಯಲ್ಲಿ ಸಣ್ಣದಾಗಿದ್ದರೆ ದಾನದ ಘನತೆಗೆ ಕುಂದಿಲ್ಲ. ಭಿತ್ತಿಪತ್ರ ಅಂಟದಂತೆ, ಬಳ್ಳಿ ಮುಚ್ಚದಂತೆ ನೋಡಿಕೊಳ್ಳುವ ಹೊಣೆಯನ್ನು ಯುವಕರು ವಹಿಸಿಕೊಳ್ಳಲಿ.

ಮನೆಗೆ ಬಂದವರನ್ನು ಹೇಗೆ ಮಾತನಾಡಿಸಬೇಕೆಂದು ಬಸವಣ್ಣನವರು ನಮಗೆ ಕಲಿಸಿದ್ದಾರೆ. ಅವರು ತಮ್ಮ ಹೆಸರು ಹೇಳಿಕೊಳ್ಳಲು ಕಲಿಸಲಿಲ್ಲ, ಬಂದವರ ಕ್ಷೇಮ ವಿಚಾರಿಸಲು ಕಲಿಸಿದರು. ಫಲಕವನ್ನು ನೋಡಿ ತಿರುಗಿ ಬಂದ ಅಪರಿಚಿತನಿಗೆ ಕುಳಿತುಕೊಳ್ಳಲು ನೆರಳು, ಕುಡಿಯಲು ನೀರು, ದಾರಿ ತೋರುವ ಒಂದು ಒಳ್ಳೆಯ ಮಾತು ದೊರೆತರೆ ಹಲಗೆಯ ಮೇಲಿನ ‘ಸ್ವಾಗತ’ವೆಂಬ ಪದ ಸಾರ್ಥಕವಾಗುತ್ತದೆ.