ನಾನು ಕೊಟ್ಟ ಬುದ್ಧಿಮಾತು

ಲೆಕ್ಕದಲ್ಲಿ ನೂರಕ್ಕೆ 98 ತೆಗೆದಿದ್ದಳು. 1996ರಲ್ಲಿ, "ಮಿಸ್, ಗಣಿ ಡಿಪ್ಲೊಮಾ ಓದ್ತೀನಿ" ಎಂದಳು. ಅವಳಪ್ಪ ಕೋಲಾರದ ಚಿನ್ನದ ಗಣಿಗೆ ಇಳಿಯುವವರು. ನನ್ನ ಮುಖ ನೋಡಿದರು. 1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಬಿಡುತ್ತಿರಲಿಲ್ಲ. ಮೇಲೆ ಹಗಲು ಪಾಳಿಗೆ ಅಡ್ಡಿಯಿರಲಿಲ್ಲ, ಅದನ್ನು ಮಾತ್ರ ನಾನು ಹೇಳಲಿಲ್ಲ. "ಟಿ.ಸಿ.ಎಚ್. ಮಾಡಮ್ಮ, ಹೆಣ್ಣುಮಕ್ಕಳಿಗೆ ಅದೇ ಒಳ್ಳೇದು" ಎಂದುಬಿಟ್ಟೆ. ಬೇರೆ ಏನು ತಾನೇ ನನಗೆ ಗೊತ್ತಿತ್ತು!

ಆ ಗಣಿ 2001ರಲ್ಲಿ ಮುಚ್ಚಿತು. 2019ರಲ್ಲಿ ಕೇಂದ್ರ ಸರ್ಕಾರ ಹೆಂಗಸರಿಗೂ ಕೆಳಗಿಳಿಯಲು ಅನುಮತಿ ಕೊಟ್ಟಿತು: ಲಿಖಿತ ಒಪ್ಪಿಗೆ ಬೇಕು, ಪಾಳಿಗೆ ಮೂವರಾದರೂ ಇರಬೇಕು. 2021ರಲ್ಲಿ ಜಾರ್ಖಂಡಿನ ಚೂರಿ ಕಲ್ಲಿದ್ದಲು ಗಣಿಯಲ್ಲಿ ಇಂಜಿನಿಯರ್ ಆಕಾಂಕ್ಷಾ ಕುಮಾರಿ ಕೆಲಸಕ್ಕೆ ಸೇರಿದ ಸುದ್ದಿ ಓದುತ್ತ ಕೂತೆ, ಕಾಫಿ ಆರಿಹೋಯಿತು.

ನನ್ನ ಹುಡುಗಿ ಈಗ ಟೀಚರು. ಸಿಕ್ಕಾಗಲೆಲ್ಲ, "ಎಲ್ಲಾ ನಿಮ್ಮಿಂದಲೇ ಮಿಸ್" ಎನ್ನುತ್ತಾಳೆ.