ನಾಲ್ಕು ರೀಲಿನ ಊರು ಕೊಟ್ಟಾರ!

ಕರಾವಳಿ ಅಂದರೆ ನಮ್ಮ ಸಿನಿಮಾ ಮಂದಿಗೆ ಗೊತ್ತಿರುವುದು ಮೂರೇ ಮೂರು. ಕಡಲು, ಹುಲಿವೇಷ, ದೈವ! 2014ರಲ್ಲಿ ‘ಉಳಿದವರು ಕಂಡಂತೆ’ ಬಂದು ಮಲ್ಪೆಯನ್ನು ತೋರಿಸಿತು. 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಮಂಗಳಾದೇವಿಯ ಗಲ್ಲಿಗಳಲ್ಲಿ ಹುಲಿ ಕುಣಿಸಿತು. 2022ರ ‘ಕಾಂತಾರ’ ದೈವದ ಕೂಗನ್ನು ದೇಶಕ್ಕೆಲ್ಲ ಕೇಳಿಸಿತು. ಆದರೆ ಕೊಟ್ಟಾರದ ಹೆಸರನ್ನು ಯಾವ ಟೈಟಲ್ ಕಾರ್ಡಿನಲ್ಲೂ ನಾನು ಕಂಡವನಲ್ಲ. ಹಾಗಂತ ಇಲ್ಲಿ ಕಥೆ ಇಲ್ಲ ಅಂತೀರಾ? ಉಂಟು ಸ್ವಾಮಿ, ಬೇಕಾದಷ್ಟುಂಟು! ಒಂದೇ ಸಲ ಬಂದು ಹೋದವನ ಕಣ್ಣಿಗೆ ಅದು ಬೀಳುವುದಿಲ್ಲ, ಅಷ್ಟೆ. ವರ್ಷದಲ್ಲಿ ನಾಲ್ಕು ಸಲ ಬರಬೇಕು. ಕಾಲೇಜಿಗೆ ಅರ್ಧದಲ್ಲೇ ಕೈಮುಗಿದು ಪೆನ್ನು ಹಿಡಿದ ನನ್ನಂಥವನಿಗೆ ಪುರುಸೊತ್ತಿಗೇನು ಬರ? ಬಂದೆ.

ದಾರಿ ಸುಲಭ. ಸ್ಟೇಟ್‌ಬ್ಯಾಂಕಿನಲ್ಲಿ ಸುರತ್ಕಲ್ ಕಡೆಯ ಸಿಟಿ ಬಸ್ ಹತ್ತಿ. ಲಾಲ್‌ಬಾಗ್, ಲೇಡಿಹಿಲ್, ಉರ್ವಸ್ಟೋರ್ ದಾಟಿತೋ, ಕೊಟ್ಟಾರ ಬಂತು. ಇನ್ನೂ ಮುಂದೆ ಕೊಟ್ಟಾರ ಚೌಕಿ. ಪೇಟೆಯ ರಸ್ತೆ ಹೆದ್ದಾರಿಗೆ ಸೇರುವುದು ಅಲ್ಲೇ. ಹಳಬರ ಬಾಯಲ್ಲಿ ಅದು ಇನ್ನೂ ‘ಹದಿನೇಳು’, ಬೋರ್ಡಿನಲ್ಲಿ 66. ತಲೆಯ ಮೇಲೆ ಫ್ಲೈಓವರ್, ಕೆಳಗೆ ಕಂಡಕ್ಟರನ ಸೀಟಿ.

ಇಳಿದವರು ಅಂಗಡಿಗಳ ಬೋರ್ಡು ಓದಿ ನೋಡಿ. ‘ಕೂಳೂರು ಫೆರಿ ರೋಡ್’ ಅಂತ ಇರುತ್ತದೆ. ಫೆರಿ ಎಲ್ಲಿ? ಹುಡುಕಿದರೂ ಸಿಗದು! 1952ರಲ್ಲಿ ಕೂಳೂರಿನಲ್ಲಿ ಫಲ್ಗುಣಿ ನದಿಗೆ ಕಮಾನು ಸೇತುವೆ ಎದ್ದಿತು. ದಾಟಿಸುವ ದೋಣಿ ಹೋಯಿತು, ರಸ್ತೆಯ ಹೆಸರಿನಲ್ಲಿ ಮಾತ್ರ ಉಳಿಯಿತು. ಅದೇ ರಸ್ತೆಗೆ 1995ರಲ್ಲಿ ಮಂಗಳೂರಿಗೆ ಬಂದ ಇನ್ಫೋಸಿಸ್ ತನ್ನ ಕಂಪ್ಯೂಟರುಗಳ ಸಮೇತ ಬಂದು ಕೂತಿತು. ದೋಣಿಯವನ ಹಾದಿಯಲ್ಲಿ ಟೈ ಕಟ್ಟಿದ ಹುಡುಗರು! ಸರಿ, ಈಗ ರೀಲು ತಿರುಗಿಸೋಣ.

ಮೊದಲ ರೀಲು: ಮಳೆ

ನಮ್ಮ ಹೀರೋ-ಹೀರೋಯಿನ್‌ಗಳು ಕುಣಿಯುವ ಮಳೆ ಟ್ಯಾಂಕರಿನದ್ದು. ಕೊಟ್ಟಾರದ ಮಳೆಯಲ್ಲಿ ಡ್ಯುಯೆಟ್ ಹಾಡಲು ಧೈರ್ಯ ಬೇಕು. ಮಂಗಳೂರಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅಂದರೆ ಎರಡು ಆಳಿನೆತ್ತರ! ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿಯುತ್ತದೆ. ಚೌಕಿ ಇರುವುದು ತಗ್ಗಿನಲ್ಲಿ. ಗುಡ್ಡದ ನೀರೆಲ್ಲ ಅಲ್ಲಿಗೇ ಇಳಿದು, ರಾಜಕಾಲುವೆ ಹಿಡಿದು ನದಿ ಸೇರಬೇಕು. 2018ರ ಮೇ 29ರಂದು ಊರಿಗೆ ಊರೇ ಮುಳುಗಿದಾಗ ಚೌಕಿಯೂ ಕೆರೆಯಾಗಿತ್ತು. ಅದು ಮೊದಲಲ್ಲ, ಕೊನೆಯೂ ಅಲ್ಲ.

ಒಂದು ಜಿನಸಿನ ಅಂಗಡಿಯಲ್ಲಿ ಅಕ್ಕಿ ಮೂಟೆಗಳೆಲ್ಲ ನೆಲ ಬಿಟ್ಟು ಸೊಂಟದೆತ್ತರದ ಹಲಗೆಯ ಮೇಲಿದ್ದವು. ‘ಯಾಕಣ್ಣ ಹೀಗೆ?’ ಅಂದೆ. ಯಜಮಾನರು ನಕ್ಕರು. ‘ನೀರು ಬರೂದು ಹೊಸತಲ್ಲ ಮಾರಾಯ್ರೆ. ಅದಕ್ಕೆ ಹೋಗ್ಲಿಕ್ಕೆ ದಾರಿ ಎಲ್ಲುಂಟು ಹೇಳಿ?’ ಗದ್ದೆಗೆ ಮಣ್ಣು ತುಂಬಿ ಕಟ್ಟಡ ಕಟ್ಟಿದರು, ಕಾಲುವೆ ಸಪೂರವಾಯಿತು, ಉಳಿದಷ್ಟರಲ್ಲಿ ಹೂಳು. ಕಡಲು ಉಬ್ಬರದಲ್ಲಿದ್ದರಂತೂ ನದಿಯೂ ನೀರನ್ನು ಬೇಗ ತಕ್ಕೊಳ್ಳುವುದಿಲ್ಲ. ಇದಿಷ್ಟೇ ಕಥೆ. ವಿಲನ್ ಮಳೆಯಲ್ಲ!

ಇದೇ ಮಳೆಯ ನಡುವೆ ಆಟಿ ತಿಂಗಳು. ಹಿಂದೆ ಕೆಲಸವಿಲ್ಲದ, ಅಕ್ಕಿ ಮುಗಿದ ಹಸಿವಿನ ತಿಂಗಳು. ತಾಳೆಗರಿಯ ಕೊಡೆ ಹಿಡಿದ ಆಟಿ ಕಳೆಂಜ ಮನೆ ಮನೆಗೆ ಬಂದು ಮಾರಿ ಕಳೆಯುತ್ತಿದ್ದ. ಆಟಿ ಅಮಾವಾಸ್ಯೆಗೆ ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಕಹಿ ಅಂದರೆ ಕಹಿ! ಮೇಲೆ ಮೆಂತೆ ಗಂಜಿ. ಈಗ ಹಾಲ್‌ಗಳಲ್ಲಿ ‘ಆಟಿಡೊಂಜಿ ದಿನ’ ಅಂತ ಭರ್ಜರಿ ಊಟ ನಡೆಯುತ್ತದೆ. ಹಸಿವಿನ ತಿಂಗಳೇ ಹಬ್ಬವಾಗಿದೆ ನೋಡಿ!

ಎರಡನೆಯ ರೀಲು: ಹುಲಿ

ಮಳೆ ಹಿಂದೆ ಸರಿದರೆ ತಾಸೆಯ ಸದ್ದು. ನವರಾತ್ರಿ! ಮೈಗೆ ಬಣ್ಣ ಬಳಿಸಿಕೊಂಡ ಹುಡುಗರು ಅದು ಒಣಗುವ ತನಕ ಕೂರುವ ಹಾಗಿಲ್ಲ, ಮಲಗುವ ಹಾಗಿಲ್ಲ. ಆಮೇಲೆ ಅಕ್ಕಿ ಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯಬೇಕು. ಡ್ಯೂಪ್ ಇಲ್ಲ, ರೀಟೇಕ್ ಇಲ್ಲ!

ಕೊಟ್ಟಾರದ ಹುಡುಗರು ದಸರಾ ಮೆರವಣಿಗೆ ನೋಡಲು ಲೇಡಿಹಿಲ್‌ಗೆ ನಡೆದೇ ಹೋಗುತ್ತಾರೆ. ಮೆರವಣಿಗೆ ಹೊರಡುವುದು ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಿಂದ. ಗುಡಿಯೊಳಗೆ ಕಾಲಿಡಲು ಬಿಡದ ಕಾಲದಲ್ಲಿ, 1912ರಲ್ಲಿ, ಹೊರಗೆ ನಿಂತವರಿಗಾಗಿಯೇ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ದೇವರು ಅದು. ಇಂದು ಆ ಮೆರವಣಿಗೆಗೆ ಇಡೀ ಊರೇ ದಾರಿ ಬಿಡುತ್ತದೆ. ಲೇಡಿಹಿಲ್ ವೃತ್ತಕ್ಕೆ ಈಗ ಗುರುಗಳದ್ದೇ ಹೆಸರು. ಇಂಥ ಕ್ಲೈಮ್ಯಾಕ್ಸ್ ಯಾವ ಡೈರೆಕ್ಟರು ಬರೆದಾನು?

ಮೂರನೆಯ ರೀಲು: ಆಟ

ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ಅದಕ್ಕೆ ಎಷ್ಟೋ ಮುಂಚಿನಿಂದ ಇಲ್ಲಿಯ ಜನರ ಸಿನಿಮಾ ಅಂದರೆ ಯಕ್ಷಗಾನ, ಅಂದರೆ ‘ಆಟ’. ನವೆಂಬರ್ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಕಟೀಲು ಮೇಳದ ಹರಕೆ ಆಟ ಬೇಕೆಂದವರು ವರ್ಷಗಟ್ಟಲೆ ಕಾಯುತ್ತಾರೆ. ನಮ್ಮ ಯಾವ ಸ್ಟಾರಿಗೆ ಅಂಥ ಅಡ್ವಾನ್ಸ್ ಬುಕಿಂಗ್ ಉಂಟು? ಇನ್ನೊಂದು ತಮಾಷೆ: ವೇಷಧಾರಿಗಳು ಬಣ್ಣ ಹಚ್ಚುವ ಜಾಗಕ್ಕೂ ‘ಚೌಕಿ’ ಅಂತಲೇ ಹೆಸರು!

ಕೊನೆಯ ರೀಲು: ಬಿಸಿಲು

ಏಪ್ರಿಲ್, ಮೇ. ಶರಟು ಬೆನ್ನಿಗೆ ಅಂಟುವ ಸೆಕೆ. ಹಲಸಿನ ಹಣ್ಣಿನ ವಾಸನೆ. ಜೊತೆಗೆ ಒಂದು ವಿಚಿತ್ರ ದೃಶ್ಯ: ಓಣಿಯಲ್ಲಿ ನೀರಿನ ಟ್ಯಾಂಕರು! ಮಂಗಳೂರು ಕುಡಿಯುವುದು ತುಂಬೆ ಅಣೆಕಟ್ಟಿನಲ್ಲಿ ನಿಂತ ನೇತ್ರಾವತಿಯ ನೀರನ್ನು. 2016ರಲ್ಲೂ 2019ರಲ್ಲೂ ಅದು ತಳ ಕಂಡು, ಊರಿಗೆ ರೇಷನ್ ಹಾಗೆ ನೀರು ಬಿಟ್ಟರು. ಮೇ ತಿಂಗಳಲ್ಲಿ ಕೊಡ ಹಿಡಿದು ಕಾಯುವ ಊರು, ಜೂನ್‌ನಲ್ಲಿ ಅದೇ ಕೊಡದಿಂದ ಅಂಗಡಿಯ ನೀರು ಹೊರಗೆ ಚೆಲ್ಲುತ್ತದೆ.

ಇದು ಎರಡು ಕಥೆಯಲ್ಲ ಗೆಳೆಯರೇ, ಒಂದೇ ಕಥೆ. ಗದ್ದೆ ಇದ್ದಾಗ ಮಳೆಯ ನೀರು ಅಲ್ಲಿ ನಿಂತು, ಇಂಗಿ, ಬಾವಿಗೆ ಬರುತ್ತಿತ್ತು. ಈಗ ನಿಲ್ಲಲು ಜಾಗವಿಲ್ಲದೆ ರಸ್ತೆಗೆ ಬರುತ್ತದೆ, ಬಾವಿಗೆ ಬರುವುದಿಲ್ಲ. ಒಂದೇ ರೀಲು ನೋಡಿ ಎದ್ದು ಹೋದವನಿಗೆ ಇದು ಅರ್ಥವಾಗದು. ಮಂಗಳೂರು ಕಡೆ ಬಂದಾಗ ಮಂಗಳಾದೇವಿಯ ಜೊತೆ ಕೊಟ್ಟಾರದಲ್ಲೂ ಒಂದು ಸಲ ಇಳಿಯಿರಿ. ಇಲ್ಲಿನ ಹೀರೋ ನೀರು. ಅದನ್ನು ವಿಲನ್ ಮಾಡಿದವರು ನಾವೇ!