ನಕ್ಷತ್ರಗಳ ನಡುವಣ ಸಂತೆ

ಕೈಯಲ್ಲಿ ಕಾಸಿಲ್ಲದವನು ವ್ಯಾಪಾರಕ್ಕೆ ಹೊರಟರೆ ನೆರೆಹೊರೆಯವರು ನಗುತ್ತಾರೆ. ಆ ವ್ಯಾಪಾರವು ಇಲ್ಲದ ಊರಿನಲ್ಲಿ, ಇಲ್ಲದ ಸರಕಿನಲ್ಲಿ, ಇಲ್ಲದ ನಾಣ್ಯದಲ್ಲಿ ನಡೆಯತಕ್ಕದ್ದಾದರೆ ನಗುವವರ ಸಂಖ್ಯೆ ಇನ್ನಷ್ಟು ಹೆಚ್ಚುವುದು ಸಹಜ. ಆದರೂ ಇಂತಹದೊಂದು ಪೇಟೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದುಕೊಂಡು ಬಂದಿದೆ. ಬಡ ವರ್ತಕರು ಅಲ್ಲಿಗೆ ಬಂದು ಇಳಿಯುತ್ತಲೇ ಇದ್ದಾರೆ.

ಐಸ್‌ಲೆಂಡ್ ದೇಶದ ಸಿಸಿಪಿ ಎಂಬ ಸಂಸ್ಥೆಯು 2003ರ ಮೇ ತಿಂಗಳಲ್ಲಿ ‘ಈವ್ ಆನ್‌ಲೈನ್’ ಎಂಬ ಕಂಪ್ಯೂಟರ್ ಆಟವನ್ನು ಹೊರತಂದಿತು. ನ್ಯೂ ಈಡನ್ ಎಂಬ ಕಲ್ಪಿತ ನಕ್ಷತ್ರಲೋಕವೇ ಅದರ ರಂಗಭೂಮಿ. ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರಮಂಡಲಗಳಿವೆ. ಒಂದರಿಂದ ಇನ್ನೊಂದಕ್ಕೆ ಹಡಗುಗಳು ಸಾಮಾನ್ಯವಾಗಿ ಮಹಾದ್ವಾರಗಳ ಮೂಲಕ ಸಾಗುತ್ತವೆ. ಚೀನಾದವರಿಗೆ ಬೇರೆಯೇ ಒಂದು ಪ್ರಪಂಚವಿರುವುದನ್ನು ಬಿಟ್ಟರೆ, ನಾನಾ ದೇಶಗಳ ಆಟಗಾರರೆಲ್ಲ ಅಂತರ್ಜಾಲದ ಮೂಲಕ ಕೂಡುವುದು ಈ ಒಂದೇ ಆಕಾಶದಲ್ಲಿ. ಅಲ್ಲಿನ ನಾಣ್ಯಕ್ಕೆ ‘ಇಸ್ಕ್’ ಎಂದು ಹೆಸರು. ಐಸ್‌ಲೆಂಡಿನ ನಿಜವಾದ ನಾಣ್ಯದ ಸಂಕೇತವೂ ಅದೇ. ಇದು ತಾಯ್ನಾಡಿನ ಅಭಿಮಾನವೋ ತಮಾಷೆಯೋ, ಎರಡೂ ಇರಬಹುದು.

ಈ ಲೋಕದಲ್ಲಿ ಹೆಚ್ಚಿನ ಸರಕುಗಳ ಬೆಲೆಯನ್ನು ಸಂಸ್ಥೆ ಕಟ್ಟುವುದಿಲ್ಲ. ಅದಿರನ್ನು ಅಗೆಯುವವನು ಒಬ್ಬ ಆಟಗಾರ, ಅದರಿಂದ ಹಡಗು ಕಟ್ಟುವವನು ಇನ್ನೊಬ್ಬ, ಅದನ್ನು ಕೊಂಡು ಯುದ್ಧದಲ್ಲಿ ಕಳೆದುಕೊಳ್ಳುವವನು ಮತ್ತೊಬ್ಬ. ಸುಟ್ಟ ಹಡಗು ಮತ್ತೆ ಬಾರದು. ಆದುದರಿಂದ ಬೇಡಿಕೆಯೂ ಬತ್ತದು. ಈ ಪೇಟೆಯ ಏರಿಳಿತಗಳನ್ನು ಅಭ್ಯಸಿಸಲು ಸಂಸ್ಥೆಯು 2007ರಲ್ಲಿ ಎಯೊಲ್ಫುರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನೇ ನೇಮಿಸಿಕೊಂಡಿತು. ಅವರು ಮುಂದೆ ಅದೇ ದೇಶದ ಒಂದು ವಿಶ್ವವಿದ್ಯಾಲಯದ ಮುಖ್ಯಸ್ಥರಾದರು.

ಹೊಸ ವರ್ತಕನು ಬಂದು ಇಳಿಯುವುದು ಸಾಮಾನ್ಯವಾಗಿ ಜೀತಾ ಎಂಬ ನಕ್ಷತ್ರಮಂಡಲದ ನಿಲ್ದಾಣದಲ್ಲಿ. ಇಲ್ಲಿಯೇ ಸಂತೆ ಕೂಡಬೇಕೆಂದು ಯಾರೂ ಕಟ್ಟಳೆ ಮಾಡಿದವರಲ್ಲ. ಮೊದಮೊದಲು ಯೂಲೈ ಎಂಬಲ್ಲಿ ಜನ ಸೇರುತ್ತಿದ್ದರು. ದ್ವಾರಗಳ ದಾರಿ ಬದಲಾದಾಗ ಸಂತೆಯೂ ತನ್ನ ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ನಡೆಯಿತು. ಜೀತಾದ ಗದ್ದಲ ಹೇಳತೀರದು. “ನನಗೆ ಹಣ ಕಳುಹಿಸು, ಎರಡರಷ್ಟು ಮಾಡಿ ಹಿಂತಿರುಗಿಸುತ್ತೇನೆ” ಎಂದು ಕೂಗುವವರು ಅಲ್ಲಿ ಹಗಲೂ ರಾತ್ರಿಯೂ ಇರುತ್ತಾರೆ. ಅವರ ವಂಚನೆಯನ್ನು ಆಟದ ನಿಯಮವು ತಡೆಯುವುದಿಲ್ಲ. ಎಚ್ಚರ ತಪ್ಪಿದವನ ನಷ್ಟ ಅವನದೇ.

ವರ್ತಕನ ಚೀಲದಲ್ಲಿ ಹತ್ತು ಲಕ್ಷ ಇಸ್ಕ್ ಇದೆಯೆನ್ನೋಣ. ಕೇಳಲು ದೊಡ್ಡ ಮೊತ್ತ; ಅಲ್ಲಿ ಒಂದು ಯುದ್ಧನೌಕೆಗೆ ಕೋಟಿಗಟ್ಟಲೆ ಬೇಕು. ಒಂದೇ ಸರಕಿಗೆ ಕೊಳ್ಳುವವರ ಬೆಲೆ ಒಂದು, ಮಾರುವವರ ಬೆಲೆ ಇನ್ನೊಂದು. ಇವೆರಡರ ನಡುವಣ ಅಂತರದಲ್ಲಿಯೇ ಅವನ ಅನ್ನವಿದೆ. ತಗ್ಗಿನ ಬೆಲೆಗೆ ಬೇಕೆಂದು ಬರೆಸಿ ಕಾದಿರಬೇಕು. ಬಂದುದನ್ನು ಮೇಲಿನ ಬೆಲೆಗೆ ಇಟ್ಟು ಮತ್ತೆ ಕಾದಿರಬೇಕು. ಬೇಕೆಂದು ಬರೆಸಿದ ಕ್ಷಣದಲ್ಲಿಯೇ ಹಣ ಕಟ್ಟಿಬಿಡಬೇಕಾದುದರಿಂದ, ಸರಕು ಬರುವವರೆಗೆ ಚೀಲ ಬರಿದು. ಮೊದಲಿಗೆ ಅವನು ಬರೆಸಬಹುದಾದ ಬೇಡಿಕೆಗಳೂ ಮಾರಾಟಗಳೂ ಕೂಡಿ ಐದೇ. ವ್ಯಾಪಾರವಿದ್ಯೆಯ ಒಂದೊಂದು ಮೆಟ್ಟಿಲೇರಿದಂತೆ ನಾಲ್ಕು ನಾಲ್ಕು ಹೆಚ್ಚುತ್ತವೆ. ಆ ವಿದ್ಯೆ ಕೈಗೂಡಲು ನಮ್ಮ ಗೋಡೆಯ ಗಡಿಯಾರದ ನಿಜವಾದ ಗಂಟೆಗಳೇ ಕಳೆಯಬೇಕು. ಇದರ ಮೇಲೆ ದಲ್ಲಾಳಿಯ ಪಾಲು, ಮಾರಾಟದ ಸುಂಕ. ಇವನ್ನು ಲೆಕ್ಕಕ್ಕೆ ಹಿಡಿಯದ ಹೊಸಬನು ಲಾಭಕ್ಕೆ ಮಾರಿದೆನೆಂದು ಹಿಗ್ಗುತ್ತಿರುವಾಗಲೇ ಚೀಲ ಹಗುರಾಗಿರುತ್ತದೆ. ಸಾಲದುದಕ್ಕೆ ಪೈಪೋಟಿ. ಎದುರಾಳಿಗಿಂತ ಇಸ್ಕಿನ ನೂರನೆಯ ಒಂದು ಭಾಗದಷ್ಟು ಕಡಿಮೆ ಬೆಲೆ ಹಾಕಿ ಸಾಲಿನ ಮುಂದೆ ನಿಲ್ಲುವ ಜಿಪುಣರ ಕಾಳಗಕ್ಕೆ 2020ರಲ್ಲಿ ಬಂದ ಹೊಸ ನಿಯಮ ತಡೆ ಹಾಕಿತು. ಆ ಮೇಲೆ ಬೆಲೆಯ ಮೊದಲ ನಾಲ್ಕು ಅಂಕಿಗಳಲ್ಲಿಯೇ ವ್ಯತ್ಯಾಸ ತೋರಿಸಬೇಕಾಯಿತು.

ಶ್ರೀಮಂತರೊಡನೆ ಹೀಗೆ ಹೆಣಗುವುದಕ್ಕಿಂತ ದೂರದ ನಿಲ್ದಾಣಗಳಿಗೆ ಹೋಗುವುದು ಬಡವನಿಗೆ ಲೇಸು. ಅಲ್ಲಿ ಮದ್ದುಗುಂಡು ತೀರಿಹೋದ ಯೋಧನು ಹತ್ತು ದ್ವಾರ ದಾಟಿ ಜೀತಾಕ್ಕೆ ಬರುವ ಬದಲು ಎರಡರಷ್ಟು ಬೆಲೆ ಕೊಡಲು ಸಿದ್ಧನಿರುತ್ತಾನೆ. ಕೊಂಡ ಸರಕು ಕೊಂಡಲ್ಲಿಯೇ ಬಿದ್ದಿರುತ್ತದೆ. ಹಡಗಿನಲ್ಲಿ ಹೊತ್ತು ಸಾಗಿಸಿದರೇ ಉಂಟು. ದೊಡ್ಡ ವರ್ತಕರಿಗೆ ಈ ಚಿಲ್ಲರೆ ಲಾಭಕ್ಕಾಗಿ ಅಲೆಯುವ ತಾಳ್ಮೆಯಿಲ್ಲ. ಹೀಗೆ ಆರು ವಾರ ಅಲೆದವನ ಹತ್ತು ಲಕ್ಷ ಐದು ಕೋಟಿಯಾಯಿತೆನ್ನೋಣ.

ಅಪಾಯ ಹುಟ್ಟುವುದು ಇಲ್ಲಿಯೇ. ರಕ್ಷಿತ ವಲಯಗಳಲ್ಲಿ ಕಾಂಕಾರ್ಡ್ ಎಂಬ ಕಾವಲು ಪಡೆಯಿದೆ. ಅದು ಅಪರಾಧಿಯನ್ನು ತಪ್ಪದೆ ದಂಡಿಸುತ್ತದೆ, ಅಪರಾಧವನ್ನು ತಡೆಯುವುದಿಲ್ಲ. ದರೋಡೆಗಾರರೂ ಲೆಕ್ಕ ಬಲ್ಲವರು: ತಮ್ಮ ಅಗ್ಗದ ಹಡಗು ನಾಶವಾದರೂ, ಸಿಗುವ ಸರಕು ಅದಕ್ಕಿಂತ ಹೆಚ್ಚು ಬಾಳಿದರೆ ಹೊಡೆಯುತ್ತಾರೆ. ಹತ್ತು ಲಕ್ಷದ ವರ್ತಕನನ್ನು ಅವನ ಬಡತನವೇ ಕಾಯ್ದಿತ್ತು; ಅದು ಅವನಿಗೆ ತಿಳಿದಿರಲಿಲ್ಲ. ಐದು ಕೋಟಿಯ ಸರಕನ್ನು ತೆಳುಮೈಯ ಒಂದೇ ಹಡಗಿಗೆ ತುಂಬಿ, ಜೀತಾದಿಂದ ದೊಡಿಕ್ಸಿಗೆ ಹೋಗುವ ದಾರಿಯಲ್ಲಿ, ಕುಖ್ಯಾತವಾದ ಉಯೆಡಾಮವನ್ನು ಅವನು ಹೊಕ್ಕನು. ಎಲ್ಲವೂ ಕೆಲವೇ ಕ್ಷಣಗಳಲ್ಲಿ ಮುಗಿಯಿತು. ಕಾಂಕಾರ್ಡ್ ಬಂದು ಕೊಂದವರನ್ನು ಕೊಂದಿತು. ಸರಕಿನಲ್ಲಿ ಸುಮಾರು ಅರ್ಧ ಬೂದಿಯಾಯಿತು. ಉಳಿದರ್ಧವನ್ನು ದರೋಡೆಗಾರರ ಸಂಗಡಿಗನೊಬ್ಬ ನಿಧಾನವಾಗಿ ಬಾಚಿಕೊಂಡು ಹೋದನು.

ಆಟದ ಹಣ ತಾನೇ, ಹೋದರೇನು ಎಂದು ಸಮಾಧಾನ ಹೇಳುವವರಿದ್ದಾರೆ. ಹೋದದ್ದು ಆರು ವಾರಗಳ ಸಂಜೆಗಳು. ಬೇರೊಬ್ಬರು ಕಾಣದ ಕೊರತೆಯನ್ನು ತಾನು ಕಂಡೆನೆಂಬ ಸಣ್ಣ ಹೆಮ್ಮೆಯೂ ಅವುಗಳೊಡನೆ ಹೋಯಿತು. ಮನೆಯವರೆಲ್ಲ ಮಲಗಿದ ಮೇಲೆ ಪರದೆಯ ಬೆಳಕಿನಲ್ಲಿ ಒಬ್ಬನೇ ಕುಳಿತವನಿಗೆ ಅದನ್ನು ಯಾರೊಡನೆ ಹೇಳಿಕೊಳ್ಳಬೇಕೆಂಬುದೂ ತೋಚುವುದಿಲ್ಲ.

ದೂರದ ಎರಡು ನಿಲ್ದಾಣಗಳಲ್ಲಿ ಮಾರದೆ ಉಳಿದಿದ್ದ ಮದ್ದುಗುಂಡು ಮರುದಿನ ಬಿಕರಿಯಾಗಿ ಎಂಟು ಲಕ್ಷ ಬಂದಿತು. ಜೀತಾದಲ್ಲಿ ಕೂಗು ನಡೆದೇ ಇತ್ತು: ಕಳುಹಿಸು, ಎರಡರಷ್ಟು ಮಾಡುತ್ತೇನೆ. ಕಳೆದುಕೊಂಡವನ ಕಿವಿಗೆ ಅದು ಎಂದಿಗಿಂತ ಇಂಪಾಗಿ ಕೇಳಿಸಿತು. ಅವನ ಬೆರಳು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿತು. ಅನಂತರ ಅವನು ಧಾರಣೆಯ ಪಟ್ಟಿಯನ್ನು ತೆರೆದನು; ನಾಲ್ಕು ಲಕ್ಷದ ಮದ್ದುಗುಂಡು ಕೊಂಡು ಹಡಗಿಗೆ ತುಂಬಿ, ಉಳಿದ ನಾಲ್ಕು ಲಕ್ಷವನ್ನು ಚೀಲದಲ್ಲಿಯೇ ಬಿಟ್ಟು, ಮೊದಲನೆಯ ದ್ವಾರದತ್ತ ಹೊರಟನು.